36 ಕಂಠ, 52 ಅಕ್ಷರ: ಮೆಸಿಯಾನ್‌ನ ಮೂರು ಪುಟ್ಟ ಲಿಟರ್ಜಿಗಳು

ಈ ಕೃತಿಯ ವಾದ್ಯಗಳ ಪಟ್ಟಿ ತೆರೆದರೆ ಏನೇನು ಇಲ್ಲ ಎಂಬುದೇ ಮೊದಲು ಕಣ್ಣಿಗೆ ಬೀಳುತ್ತದೆ. ಕೊಳಲಿಲ್ಲ, ಓಬೋ ಇಲ್ಲ, ಕ್ಲಾರಿನೆಟ್ ಇಲ್ಲ. ಹಿತ್ತಾಳೆಯ ಊದುವ ವಾದ್ಯ ಒಂದೂ ಇಲ್ಲ. ಗಂಡಸರ ಕಂಠವೂ ಇಲ್ಲ. ಇರುವುದು 36 ಹೆಂಗಸರ ದನಿ, ಬರೀ ತಂತಿವಾದ್ಯಗಳ ಆರ್ಕೆಸ್ಟ್ರಾ, ಕಛೇರಿಯ ಮುಖ್ಯ ಕಲಾವಿದರಿಗಿರುವಷ್ಟೇ ಕೆಲಸವಿರುವ ಒಂದು ಪಿಯಾನೊ, ಓಂದ್ ಮಾರ್ತನೊ ಎಂಬ ವಿದ್ಯುತ್ ವಾದ್ಯ, ಇವುಗಳ ಜೊತೆಗೆ ಸೆಲೆಸ್ಟಾ (ಲೋಹದ ಪಟ್ಟಿಗಳ ಕೀಬೋರ್ಡ್ ವಾದ್ಯ), ವೈಬ್ರಫೋನ್ (ಕೋಲಿನಿಂದ ಬಾರಿಸುವ ಲೋಹದ ಪಟ್ಟಿಗಳು), ಮರಾಕಾ (ಕಾಳು ತುಂಬಿದ ಗಿಲಕಿ), ಚೀನೀ ತಾಳ, ದೊಡ್ಡ ಜಾಗಟೆಯಂಥ ಟ್ಯಾಮ್‌ಟ್ಯಾಮ್. ಒಟ್ಟು ಸುಮಾರು 35 ನಿಮಿಷ. ಹೆಸರು 'ತ್ರ್ವಾ ಪತೀತ್ ಲಿತುರ್ಜಿ ದ ಲಾ ಪ್ರೆಜಾನ್ಸ್ ದಿವೀನ್', ಅಂದರೆ ದೇವರ ಸಾನ್ನಿಧ್ಯದ ಮೂರು ಪುಟ್ಟ ಲಿಟರ್ಜಿಗಳು. ಲಿಟರ್ಜಿ ಎಂದರೆ ಕ್ರೈಸ್ತರ ಸಾಮೂಹಿಕ ಪೂಜಾವಿಧಿ.

ಇದನ್ನು ಬರೆದ ಫ್ರೆಂಚ್ ಸಂಗೀತ ರಚನಕಾರ ಒಲಿವಿಯೇ ಮೆಸಿಯಾನ್ ಇದನ್ನು ಸಿಂಫನಿ (ಹಲವು ಭಾಗಗಳ ದೊಡ್ಡ ಆರ್ಕೆಸ್ಟ್ರಾ ಕೃತಿ) ಎಂದು ಕರೆದಿಲ್ಲ. ಆದರೂ ಇಪ್ಪತ್ತನೇ ಶತಮಾನದ ಫ್ರಾನ್ಸಿನಲ್ಲಿ ವೃಂದಗಾನವಿರುವ ಸಿಂಫನಿಯನ್ನು ಹುಡುಕಿ ಹೊರಟವರು ಕೊನೆಗೆ ಇಲ್ಲಿ ಬಂದು ನಿಲ್ಲುವುದು ಸಹಜ. ಮೂರು ಭಾಗಗಳೂ ಒಂದೇ ದೊಡ್ಡ ಕಟ್ಟಡದ ಮೂರು ಅಂಕಣಗಳಂತೆ ನಿಂತಿವೆ. ಪಿಯಾನೊ, ಓಂದ್, ಲೋಹದ ತಾಳವಾದ್ಯಗಳ ಈ ಕೂಟವೇ ಮುಂದೆ 1946–48ರಲ್ಲಿ ಬರೆದ ಹತ್ತು ಭಾಗಗಳ 'ತುರಂಗಲೀಲಾ ಸಿಂಫನಿ'ಯಲ್ಲಿ ದೊಡ್ಡ ಆರ್ಕೆಸ್ಟ್ರಾದೊಳಗೆ ಸೇರಿಕೊಂಡಿತು. ಅಲ್ಲಿ ಹಾಡುವವರಿಲ್ಲ, ಇಲ್ಲಿದ್ದಾರೆ.

ಬರೆದದ್ದು 1943ರ ನವೆಂಬರ್ 15ರಿಂದ 1944ರ ಮಾರ್ಚ್ 15ರವರೆಗೆ, ಪ್ಯಾರಿಸ್ ಇನ್ನೂ ಜರ್ಮನ್ ಹಿಡಿತದಲ್ಲಿದ್ದಾಗ. ಪ್ಲೆಯಾದ್ ಸಂಗೀತ ಕಛೇರಿಗಳನ್ನು ನಡೆಸುತ್ತಿದ್ದ ದೆನೀಸ್ ತ್ಯುಆಲ್ ಬರೆಸಿದ ಕೃತಿ ಇದು. ಮೊದಲ ಪ್ರದರ್ಶನ 1945ರ ಏಪ್ರಿಲ್ 21ರಂದು, ಹಳೆಯ ಕನ್ಸರ್ವೇಟರಿಯ ಸಭಾಂಗಣದಲ್ಲಿ. ರೊಜೇ ದೆಝೊರ್ಮಿಯೇರ್ ನಿರ್ದೇಶನ, ಪಿಯಾನೊದಲ್ಲಿ ಇವೋನ್ ಲೊರಿಯೊ, ಓಂದ್‌ನಲ್ಲಿ ಅದನ್ನು ಕಂಡುಹಿಡಿದವನ ತಂಗಿ ಜಿನೆತ್ ಮಾರ್ತನೊ. ಕೇಳಲು ಬಂದವರಿಗೆ ಹಿಡಿಸಿತು. ಪತ್ರಿಕೆಗಳಲ್ಲಿ ಮಾತ್ರ ತಿಂಗಳುಗಟ್ಟಲೆ ಜಗಳ. ಸಿಹಿ ಜಾಸ್ತಿ, ಅಲಂಕಾರ ಜಾಸ್ತಿ, ಭಕ್ತಿಯೊಳಗೆ ಶೃಂಗಾರ ಬೆರೆಸಿದ್ದಾನೆ, ಅದರ ಮೇಲೆ ತನ್ನದೇ ವ್ಯಾಖ್ಯಾನ ಬೇರೆ ಬರೆದಿದ್ದಾನೆ ಎಂಬುದು ದೂರು. ಸಾಹಿತ್ಯವೂ ಮೆಸಿಯಾನ್‌ನದೇ. ಬೈಬಲಿನ ಪರಮಗೀತೆಯ ಪ್ರೇಮದ ಮಾತು, ದೇವತಾಶಾಸ್ತ್ರದ ಪರಿಭಾಷೆ, ಬಣ್ಣಗಳ ಹೆಸರು, ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತವೆ. ವಚನಗಳಲ್ಲಿ ಶರಣಸತಿ ಲಿಂಗಪತಿ ಎಂಬ ಭಾವವನ್ನು ಓದಿ ಬೆಳೆದವರಿಗೆ ಈ ದೂರು ಅಷ್ಟೇನೂ ಗಂಭೀರ ಅನ್ನಿಸಲಿಕ್ಕಿಲ್ಲ.

ವಿಮರ್ಶಕರಿಗೆ ಕೇಳಿಸಿದ್ದು ಮೇಲಿನ ಪಾಕ. ತಳದಲ್ಲಿರುವುದು ಕಟ್ಟುನಿಟ್ಟಾದ ಲೆಕ್ಕ. ಆ ಲೆಕ್ಕದ ಒಂದು ಪಾಲು ನಮ್ಮ ಕಡೆಯಿಂದ ಹೋದದ್ದು.

ಹದಿಮೂರನೇ ಶತಮಾನದಲ್ಲಿ ದೇವಗಿರಿಯ ಯಾದವ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ 'ಸಂಗೀತ ರತ್ನಾಕರ'ದಲ್ಲಿ 120 ದೇಶೀ ತಾಳಗಳನ್ನು ಪಟ್ಟಿ ಮಾಡಿದ್ದಾನೆ. ಇದೇ ಗ್ರಂಥಕ್ಕೆ ಹದಿನೈದನೇ ಶತಮಾನದ ವಿಜಯನಗರದಲ್ಲಿ ಕಲ್ಲಿನಾಥ 'ಕಲಾನಿಧಿ' ಎಂಬ ವ್ಯಾಖ್ಯಾನ ಬರೆದ. ಆ ತಾಳಗಳ ಪಟ್ಟಿ ಲಾವಿನ್ಯಾಕ್‌ನ ಫ್ರೆಂಚ್ ಸಂಗೀತ ವಿಶ್ವಕೋಶದಲ್ಲಿ, ಭಾರತದ ಬಗ್ಗೆ ಜೊಅನ್ನಿ ಗ್ರೊಸೆ ಬರೆದ ಲೇಖನದೊಳಗೆ ಅಚ್ಚಾಗಿತ್ತು. ಮೆಸಿಯಾನ್‌ಗೆ ಸಿಕ್ಕಿದ್ದು ಅಲ್ಲಿ. ಗುರುಮುಖದಿಂದ ಕಲಿತದ್ದಲ್ಲ, ಕೈಯಲ್ಲಿ ತಾಳ ಹಾಕಿ ಅಭ್ಯಾಸ ಮಾಡಿದ್ದಲ್ಲ. ಪುಟದ ಮೇಲಿನ ಚಿಹ್ನೆಗಳಿಂದ ಹೆಕ್ಕಿಕೊಂಡದ್ದು. ಈ ಒಂದು ಸಂಗತಿ ತಲೆಯಲ್ಲಿದ್ದರೆ ಮುಂದಿನ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಅವನಿಗೆ ಅಚ್ಚುಮೆಚ್ಚಿನ ಮೂರು ತಾಳಗಳೆಂದರೆ ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ. ಯುದ್ಧಕೈದಿಗಳ ಶಿಬಿರದಲ್ಲಿ ಬರೆದು 1941ರ ಜನವರಿ 15ರಂದು ಅಲ್ಲೇ ನುಡಿಸಿದ ಚತುರ್ವಾದ್ಯ ಕೃತಿಯ ಮೊದಲ ಭಾಗದಲ್ಲಿ ಈ ಮೂರನ್ನು ಸಾಲಾಗಿ ಪೋಣಿಸಿ ಪಿಯಾನೊಗೆ ಕೊಟ್ಟಿದ್ದಾನೆ. ಲಿಟರ್ಜಿಗಳ ಲಯ ಅರ್ಥವಾಗಬೇಕಾದರೆ ಈ ಸಾಲಿನಲ್ಲೇ ಕೈ ಪಳಗಿಸುವುದು ಒಳ್ಳೆಯದು, ಏಕೆಂದರೆ ಮೊದಲ ಲಿಟರ್ಜಿಯ ನಡುಭಾಗದ ನೇಯ್ಗೆಯೂ ಇದೇ ಬಗೆಯದು.

ಷಡಂಗಗಳ, ಅಂದರೆ ತಾಳದ ಆರು ಅಂಗಗಳ, ಅಳತೆ ಗೊತ್ತಿದ್ದವರಿಗೆ ಇದು ಸುಲಭ. ಇಲ್ಲಿ ಅಕ್ಷರ ಎಂದರೆ ಎಣಿಕೆಯ ಅತಿ ಸಣ್ಣ ಅಳತೆ. ದ್ರುತ 2 ಅಕ್ಷರ, ಲಘು 4, ಗುರು 8, ಪ್ಲುತ 12. ಹಳೆಯ ಪದ್ಧತಿಯಲ್ಲಿ ದ್ರುತಕ್ಕೆ ವಿರಾಮ ಸೇರಿದರೆ ಅರ್ಧ ಹೆಚ್ಚಿ 3 ಅಕ್ಷರ ಆಗುತ್ತದೆ. ಪಾಶ್ಚಾತ್ಯ ಲಿಪಿಯಲ್ಲಿ ಸ್ವರದ ಪಕ್ಕದ ಚುಕ್ಕಿ ಮಾಡುವ ಕೆಲಸವೂ ಇದೇ. ಶಾರ್ಙ್ಗದೇವನ ರಾಗವರ್ಧನ ದ್ರುತ, ದ್ರುತವಿರಾಮ, ದ್ರುತ, ಪ್ಲುತ: 2, 3, 2, 12. ಮೆಸಿಯಾನ್ ಇದನ್ನು ಹಿಂದುಮುಂದು ಮಾಡಿ, ಮುಂದೆ ಬಂದ 12ನ್ನು ಮೂರು ಸಮಪಾಲಾಗಿ ಒಡೆಯುತ್ತಾನೆ: 4, 4, 4, 2, 3, 2. ಚಂದ್ರಕಲಾ ಮೂರು ಗುರು, ಮೂರು ಪ್ಲುತ, ಒಂದು ಲಘು. ಅದನ್ನು ನಾಲ್ಕನೇ ಒಂದಕ್ಕೆ ಕುಗ್ಗಿಸಿದರೆ 2, 2, 2, 3, 3, 3, 1. ಲಕ್ಷ್ಮೀಶ ಇವನ ಕೈಯಲ್ಲಿ 2, 3, 4, 8. ಮೂರೂ ತಾಳ ಸೇರಿ 17 ಪೆಟ್ಟು. ಅವುಗಳ ಉದ್ದ 19, 16, 17 ಕೂಡಿ 52 ಅಕ್ಷರ.

ಬಾಯಲ್ಲಿ ಹೇಳುವುದಾದರೆ ಹೀಗೆ:

ತಕಧಿಮಿ ತಕಧಿಮಿ ತಕಧಿಮಿ ತಕ ತಕಿಟ ತಕ
ತಕ ತಕ ತಕ ತಕಿಟ ತಕಿಟ ತಕಿಟ ತ
ತಕ ತಕಿಟ ತಕಧಿಮಿ ತಕಧಿಮಿತಕಜಣು

ಪ್ರತಿ ಗುಂಪಿನ ಮೊದಲಕ್ಷರಕ್ಕೆ ಮಾತ್ರ ಒತ್ತು. ಉಳಿದದ್ದನ್ನು ಪಿಸುಮಾತಿನಲ್ಲಿ ಹೇಳಿ, ರೂಢಿಯಾದ ಮೇಲೆ ಮನಸ್ಸಿನಲ್ಲೇ ಎಣಿಸಬೇಕು. 52 ಅಕ್ಷರ ಆದಿತಾಳಕ್ಕೆ ಹೊಂದುವುದಿಲ್ಲ, ಆರೂವರೆ ಆವರ್ತ ಆಗುತ್ತದೆ. ಕೈತಾಳ ಬೇಕೇ ಬೇಕು ಎನ್ನುವವರು ಸಂಕೀರ್ಣ ಜಾತಿ ತ್ರಿಪುಟವನ್ನು ಹಿಡಿಯಬಹುದು: 9, 2, 2 ಸೇರಿ 13 ಎಣಿಕೆ, ಎಣಿಕೆಗೆ ನಾಲ್ಕು ಅಕ್ಷರದ ಚತುರಶ್ರ ನಡೆಯಲ್ಲಿ ಸರಿಯಾಗಿ 52. ಆಗ ಪರೀಕ್ಷೆ ಮಾಡಿಕೊಳ್ಳಲು ಗುರುತುಗಳೂ ಸಿಗುತ್ತವೆ. ಮೊದಲ ನಾಲ್ಕು ಎಣಿಕೆಗೆ ಒತ್ತು ನೇರವಾಗಿ ಬೀಳುತ್ತದೆ. ಆಮೇಲೆ ಮೂರು ಎಣಿಕೆ ಕೈ ಒಂದು ಕಡೆ, ಬಾಯಿ ಒಂದು ಕಡೆ. 8ನೇ ಎಣಿಕೆಯಲ್ಲಿ ಮತ್ತೆ ಸೇರಬೇಕು. ಅದು ಮೂರು ತಕಿಟಗಳಲ್ಲಿ ನಡುವಿನದು. ಮತ್ತೆ ಜಾರಿ 11ನೇ ಎಣಿಕೆಗೆ, ಅಂದರೆ ಮೊದಲ ದ್ರುತದ ಕೈ ತಿರುಗಿಸುವ ವೀಸಿಗೆ, ಕೊನೆಯ ಸಾಲಿನ ತಕಧಿಮಿ ಬರಬೇಕು. ಎರಡನೇ ದ್ರುತದ ಪೆಟ್ಟಿಗೆ ಎಂಟಕ್ಷರದ ಉದ್ದ ಸ್ವರ ಹೊರಡಬೇಕು. 13 ಎಣಿಕೆಯಲ್ಲಿ ಕೈಗೆ ಸಿಗುವ ಒತ್ತು 7 ಮಾತ್ರ. 8ನೇ ಎಣಿಕೆಯಲ್ಲಿ ಸೇರದಿದ್ದರೆ ತಪ್ಪು ಹುಡುಕಬೇಕಾದ ಜಾಗ ರಾಗವರ್ಧನದ 2, 3, 2. ಹತ್ತರಲ್ಲಿ ಒಂಬತ್ತು ಸಲ ಅಲ್ಲಿನ 3 ಯಾರಿಗೂ ಗೊತ್ತಾಗದಂತೆ 4 ಆಗಿರುತ್ತದೆ. ಕಿವಿಗೆ ಸಮತೂಕ ಇಷ್ಟ, ಅದು ತಾನಾಗಿ ತುಂಬಿಕೊಂಡುಬಿಡುತ್ತದೆ.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯನ್ನೂ ಹೇಳಬೇಕು. ತ್ರಿಪುಟದ ಕೈ ಅಭ್ಯಾಸಕ್ಕಷ್ಟೇ. ಕೇಳುವಾಗ ಸಮ, ಅಂದರೆ ಆವರ್ತದ ಮೊದಲ ಪೆಟ್ಟು, ಹುಡುಕುತ್ತಾ ಕೂತರೆ ಸಂಗೀತವೇ ಕೈತಪ್ಪುತ್ತದೆ. ನಮಗೆ ತಾಳ ಎಂದರೆ ಆವರ್ತ, ಎಲ್ಲಿ ಹೊರಟರೂ ಸಮಕ್ಕೆ ಮರಳುವ ಭರವಸೆ, ಮರಳಿದಾಗ ಸಭೆಯಲ್ಲೊಂದು ತಲೆದೂಗು. ಮೆಸಿಯಾನ್ ತಾಳದ ಹೆಸರು, ಅಳತೆಗಳನ್ನು ತೆಗೆದುಕೊಂಡು ಆ ಮರಳುವಿಕೆಯನ್ನು ಬಿಟ್ಟಿದ್ದಾನೆ. ಅದೇ ಚತುರ್ವಾದ್ಯ ಕೃತಿಯಲ್ಲಿ 17 ಪೆಟ್ಟಿನ ಈ ಸಾಲಿನ ಮೇಲೆ 29 ಸ್ವರಮೇಳಗಳ ಇನ್ನೊಂದು ಸಾಲನ್ನು ಓಡಿಸುತ್ತಾನೆ. ಎರಡೂ ಅವಿಭಾಜ್ಯ ಸಂಖ್ಯೆಗಳು. ಒಟ್ಟಿಗೆ ಹೊರಟ ಜಾಗಕ್ಕೆ ಮರಳಬೇಕಾದರೆ 493 ಪೆಟ್ಟು ಬೇಕು, ಅಲ್ಲಿಗೆ ಮುಟ್ಟುವ ಮೊದಲೇ ಭಾಗ ಮುಗಿದುಹೋಗುತ್ತದೆ. ಸಮ ಸಿಗಬಾರದು ಎಂಬುದೇ ಉದ್ದೇಶ. ಕಾಲಕ್ಕೆ ಆಚೆಗಿನದನ್ನು ಹಾಡುವುದಕ್ಕೆ ಕಾಲದ ಲೆಕ್ಕವನ್ನೇ ಇಷ್ಟು ಬಿಗಿಯಾಗಿ ಹಿಡಿದದ್ದು ಅವನ ಜಾಣತನ. ಶಾರ್ಙ್ಗದೇವ ಇದನ್ನು ಒಪ್ಪುತ್ತಿದ್ದನೋ ಇಲ್ಲವೋ ಎಂಬುದು ಬೇರೆ ಚರ್ಚೆ.

ಇನ್ನೊಂದು ತಂತ್ರ ಚುಕ್ಕಿ ಸೇರಿಸಿದ ಕ್ಯಾನನ್, ಅಂದರೆ ಒಂದೇ ಸಾಲು ಎರಡು ಪದರಗಳಲ್ಲಿ ಓಡುವುದು. ಒಂದು ಪದರ ಮೂಲ ಅಳತೆಯಲ್ಲಿ ಓಡುತ್ತದೆ, ಇನ್ನೊಂದು ಪದರದಲ್ಲಿ ಪ್ರತಿ ಸ್ವರವೂ ಒಂದೂವರೆಯಷ್ಟು ಉದ್ದ. 52 ಅಕ್ಷರ ಅಲ್ಲಿ 78 ಆಗುತ್ತದೆ. ಮೇಲಿನದು ಮೂರು ಸಲ, ಕೆಳಗಿನದು ಎರಡು ಸಲ ಮುಗಿದಾಗ 156ನೇ ಅಕ್ಷರದ ಕೊನೆಗೆ ಎರಡೂ ಕೂಡುತ್ತವೆ. ಕಾಗದದ ಮೇಲೆ ಚೆನ್ನಾಗಿದೆ. ನುಡಿಸುವಾಗ ಎಡವುವುದು 3ರ ಗುಂಪಿನಲ್ಲಿ: 3ಕ್ಕೆ ಅರ್ಧ ಸೇರಿದರೆ ನಾಲ್ಕೂವರೆ, 1ಕ್ಕೆ ಒಂದೂವರೆ. ಅಕ್ಷರವನ್ನೇ ಎರಡಾಗಿ ಸೀಳಿ ಎಣಿಸದಿದ್ದರೆ ಆ ನಾಲ್ಕೂವರೆ ಒಮ್ಮೆ 4, ಒಮ್ಮೆ 5 ಆಗಿ ತೇಲುತ್ತದೆ. ಕೆಳಗಿನ ಪದರದವರು ಮೇಲಿನವರನ್ನು ಕೇಳಿಕೊಂಡು ಸರಿಪಡಿಸಿಕೊಳ್ಳುತ್ತೇವೆ ಎಂದು ಹೊರಟರೆ ಎರಡು ಸಾಲಿನೊಳಗೆ ಇಬ್ಬರೂ ಒಂದೇ ಲಯಕ್ಕೆ ಬಿದ್ದಿರುತ್ತಾರೆ. ಅಭ್ಯಾಸದಲ್ಲಿ ಪದರಗಳನ್ನು ಬೇರೆ ಬೇರೆಯಾಗಿ, ಸಣ್ಣ ಅಕ್ಷರದ ಮೆಟ್ರೊನೋಮ್ ಇಟ್ಟುಕೊಂಡು ಗಟ್ಟಿಮಾಡಿ ಆಮೇಲೆ ಕೂಡಿಸುವುದೇ ದಾರಿ. ಕೂಡಿಸಿದ ಮೇಲೆ ಒಬ್ಬರು ಇನ್ನೊಬ್ಬರ ಕಡೆ ಕಿವಿ ಕೊಡದೆ ನಿರ್ದೇಶಕನ ಕೈಯನ್ನೇ ನೋಡಬೇಕು. ಚೇಂಬರ್ ಸಂಗೀತದಲ್ಲಿ ಹೇಳಿಕೊಡುವುದಕ್ಕೆ ಇದು ತೀರಾ ಉಲ್ಟಾ.

ಸ್ವರದ ಕಡೆ ಬಂದರೆ ನೆಲ ಏ ಮೇಜರ್. ಅದರ ಮೇಲೆ ಮೆಸಿಯಾನ್ ತನ್ನ 'ಮೋಡ್'ಗಳನ್ನು, ಅಂದರೆ ಸ್ವರಶ್ರೇಣಿಗಳನ್ನು, ಹರಡುತ್ತಾನೆ. ಅತಿ ಹೆಚ್ಚು ಬಳಸಿದ್ದು ಎರಡನೆಯದು: ಅರ್ಧ ಸ್ವರ, ಪೂರ್ಣ ಸ್ವರ, ಮತ್ತೆ ಅರ್ಧ, ಮತ್ತೆ ಪೂರ್ಣ, ಹೀಗೆ ಎಂಟು ಸ್ವರ. ಏ ಶ್ರುತಿಯನ್ನು ಷಡ್ಜ ಮಾಡಿಕೊಂಡರೆ ಸಿಗುವುದು ಶುದ್ಧ ರಿಷಭ, ಸಾಧಾರಣ ಮತ್ತು ಅಂತರ ಗಾಂಧಾರ ಎರಡೂ, ಪ್ರತಿಮಧ್ಯಮ, ಪಂಚಮ, ಚತುಶ್ರುತಿ ಧೈವತ, ಕೈಶಿಕಿ ನಿಷಾದ. ಸಾಧಾರಣ ಗಾಂಧಾರ ತೆಗೆದರೆ 52ನೇ ಮೇಳ ರಾಮಪ್ರಿಯ, ಅಂತರ ಗಾಂಧಾರ ತೆಗೆದರೆ 46ನೇ ಮೇಳ ಷಡ್ವಿಧಮಾರ್ಗಿಣಿ. ಎರಡನ್ನೂ ಒಂದರ ಮೇಲೊಂದು ಇಟ್ಟಂತೆ. ಕೀಬೋರ್ಡ್ ಮುಂದೆ ಕೂತು ಒಮ್ಮೆ ನುಡಿಸಿ ನೋಡಿ. ಆಮೇಲೆ ಸಾಧಾರಣ ಗಾಂಧಾರವನ್ನು ಷಡ್ಜ ಮಾಡಿ ಗ್ರಹಭೇದ ಮಾಡಿ: ಬರುವುದು ಅದೇ ಸ್ವರಶ್ರೇಣಿ. ಪ್ರತಿಮಧ್ಯಮದಿಂದ ಹೊರಟರೂ ಅದೇ, ಧೈವತದಿಂದ ಹೊರಟರೂ ಅದೇ. ಮೋಹನದಲ್ಲಿ ಗ್ರಹಭೇದ ಮಾಡಿದರೆ ಹಿಂದೋಳ, ಮಧ್ಯಮಾವತಿ ಹುಟ್ಟುತ್ತವೆ. ಇಲ್ಲಿ ನಾಲ್ಕು ಬಾಗಿಲಿನಿಂದ ಒಳಗೆ ಬಂದರೂ ಒಂದೇ ಕೋಣೆ. ಹಾಗಾಗಿ ಈ ಶ್ರೇಣಿಗೆ ಇರುವ ಸ್ಥಾನಗಳು ಮೂರೇ, ನಾಲ್ಕನೆಯದು ಮೊದಲನೆಯದೇ ಆಗಿರುತ್ತದೆ. ಆಧಾರ ಷಡ್ಜ ಇದೆಯೋ ಇಲ್ಲವೋ ಎಂಬ ತೇಲಾಟ ಈ ಸಂಗೀತದಲ್ಲಿ ಹುಟ್ಟುವುದು ಇದರಿಂದಲೇ. ಹಾಡುವವರಿಗೆ ಮಾತ್ರ ಇದು ಕಷ್ಟ. ಎರಡು ಗಾಂಧಾರಗಳ ನಡುವೆ ಅರ್ಧ ಸ್ವರ ಇಳಿಯುವಲ್ಲಿ ದನಿಗಳು ಸ್ವಲ್ಪ ಹೆಚ್ಚೇ ಇಳಿಯುತ್ತವೆ, ಒಂದು ಪುಟದ ಹೊತ್ತಿಗೆ ಇಡೀ ವೃಂದ ತಗ್ಗಿರುತ್ತದೆ.

ತಗ್ಗಿದರೆ ಮುಚ್ಚಿಡಲು ಜಾಗವಿಲ್ಲ. ವೃಂದ ಬಹುಪಾಲು ಒಂದೇ ಸ್ವರದಲ್ಲಿ ಹಾಡುತ್ತದೆ, ಸುತ್ತಲೂ ಸ್ಥಿರ ಶ್ರುತಿಯ ವಾದ್ಯಗಳಿವೆ. ಸೆಲೆಸ್ಟಾ, ವೈಬ್ರಫೋನ್ ಎರಡನ್ನೂ ತಯಾರಿಸುವಾಗಲೇ ಶ್ರುತಿ ಕಟ್ಟಿರುತ್ತಾರೆ, ಸಭಾಂಗಣದಲ್ಲಿ ತಿರುಗಿಸುವ ಹಾಗಿಲ್ಲ. ಏ ಸ್ವರಕ್ಕೆ ಒಂದರಲ್ಲಿ ಸೆಕೆಂಡಿಗೆ 440 ಕಂಪನ, ಇನ್ನೊಂದರಲ್ಲಿ 442 ಆಗಿದ್ದರೆ ಆ ಸ್ವರದಲ್ಲಿ ಸೆಕೆಂಡಿಗೆ ಎರಡು ಅಲುಗಾಟ, ಮೇಲಿನ ಸ್ಥಾಯಿಯಲ್ಲಿ ನಾಲ್ಕು. ಆದ್ದರಿಂದ ವಾದ್ಯ ಬಾಡಿಗೆಗೆ ತರುವ ಮೊದಲೇ ಇವೆರಡರ ಶ್ರುತಿಯನ್ನು ಕೇಳಿ ತಿಳಿದುಕೊಂಡು, ಪಿಯಾನೊವನ್ನು ಅದಕ್ಕೆ ಸೇರಿಸಬೇಕು. ಪಿಯಾನೊ ಮೊದಲು ಶ್ರುತಿ ಮಾಡಿಸಿ ಆಮೇಲೆ ಉಳಿದವು ಬಂದರೆ ಮತ್ತೆ ಟ್ಯೂನರ್‌ನನ್ನು ಕರೆಸುವ ಖರ್ಚು. ಈ ಪಿಯಾನೊ ಹಕ್ಕಿಗಳ ದನಿ ತೆಗೆಯುತ್ತಾ ಮೇಲಿನ ಸ್ಥಾಯಿಗಳಲ್ಲೇ ಓಡಾಡುವುದರಿಂದ ಅಲ್ಲಿನ ಸಣ್ಣ ತಪ್ಪೂ ಕಿವಿಗೆ ಚುಚ್ಚುತ್ತದೆ.

ಓಂದ್ ಮಾರ್ತನೊ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮೊರೀಸ್ ಮಾರ್ತನೊ 1928ರಲ್ಲಿ ಪ್ಯಾರಿಸ್ಸಿನಲ್ಲಿ ಜನರ ಮುಂದೆ ಇಟ್ಟ ವಾದ್ಯ ಇದು. ಒಮ್ಮೆಗೆ ಒಂದೇ ಸ್ವರ. ಬಲಗೈ ತೋರುಬೆರಳಿಗೆ ಉಂಗುರ ಹಾಕಿ ದಾರದ ಮೇಲೆ ಎಳೆದರೆ ಗಮಕದಂತೆ ಜಾರುವ ಸ್ವರ, ಕೀಬೋರ್ಡ್ ಒತ್ತಿದರೆ ಬಿಡಿ ಸ್ವರ. ಕೀಲಿಗಳನ್ನು ಅಕ್ಕಪಕ್ಕಕ್ಕೆ ಅಲುಗಾಡಿಸಿದರೆ ಕಂಪನ. ಆದರೆ ಬಲಗೈ ಎಷ್ಟು ಒತ್ತಿದರೂ ಸದ್ದು ಬರುವುದಿಲ್ಲ. ಎಡಗೈಗೆ ಒಂದು ಪುಟ್ಟ ಡ್ರಾಯರ್ ಇದೆ, ಅದರಲ್ಲಿನ ಗುಂಡಿಯನ್ನು ಒತ್ತಿದಷ್ಟು ದನಿ. ವಯೊಲಿನ್ನಿನ ಬಿಲ್ಲಿನ ಕೆಲಸವೆಲ್ಲ ಆ ಒಂದು ಗುಂಡಿಯದು. ಹೊಸಬರು ಬಲಗೈ ಸರಿ ಇಟ್ಟು ಎಡಗೈ ತಡ ಮಾಡುತ್ತಾರೆ, ವೃಂದಕ್ಕಿಂತ ಕೂದಲೆಳೆ ಹಿಂದೆ ಓಂದ್ ಕೇಳಿಸುತ್ತದೆ. ಸದ್ದು ಹೊರಗೆ ಬರುವ ಪೆಟ್ಟಿಗೆಗಳಲ್ಲೂ ಬಗೆಗಳಿವೆ: ಸಾದಾ ಸ್ಪೀಕರ್, ಸ್ಪ್ರಿಂಗುಗಳ ಮೂಲಕ ಮಾರ್ದನಿ ಕೊಡುವುದು, ಲೋಹದ ಜಾಗಟೆಯನ್ನೇ ಮಿಡಿಸುವುದು, ತಂತಿ ಬಿಗಿದ ಎಲೆಯಾಕಾರದ್ದು. ಅಂದ ಹಾಗೆ, 1930ರ ದಶಕದ ಕೊನೆಗೆ ರವೀಂದ್ರನಾಥ ಟಾಗೋರ್ ಮತ್ತು ಭಾರತೀಯ ಸಂಗೀತದ ಫ್ರೆಂಚ್ ವಿದ್ವಾಂಸ ಅಲೆನ್ ದಾನಿಯೆಲು ಅವರಿಗಾಗಿ ಭಾರತೀಯ ಸೂಕ್ಷ್ಮ ಶ್ರುತಿಗಳನ್ನು ನುಡಿಸಬಲ್ಲ ಒಂದು ಮಾದರಿಯನ್ನೂ ಮಾರ್ತನೊ ಮಾಡಿಕೊಟ್ಟಿದ್ದ.

ಸ್ಪೀಕರ್ ಎಲ್ಲಿಡಬೇಕು ಎಂಬುದು ಪ್ರತಿ ಸಭಾಂಗಣದಲ್ಲೂ ಏಳುವ ತಕರಾರು. ವೃಂದದ ಹಿಂದೆ ಇಟ್ಟರೆ ಹಾಡುವವರ ಕಿವಿಗೇ ಬಡಿದು ಅವರು ದನಿ ಏರಿಸುತ್ತಾರೆ. ಸಭಿಕರ ಕಡೆ ಮುಂದೆ ಇಟ್ಟರೆ ವೃಂದಕ್ಕೆ ಕೇಳಿಸದು, ಶ್ರುತಿ ಬೇರೆಯಾಗುತ್ತದೆ. ಪಕ್ಕಕ್ಕೆ, ವೃಂದದ ಮೊದಲ ಸಾಲಿಗೆ ಸಮನಾಗಿ ಇಡುವುದು ಒಂದು ಮಟ್ಟಿಗೆ ಪರವಾಗಿಲ್ಲ. ವೃಂದದ ಕಂಪನವನ್ನು ಕಡಿಮೆ ಮಾಡಿಸುವುದು ಅದಕ್ಕಿಂತ ಮುಖ್ಯ. 36 ದನಿಗಳು ತಮ್ಮ ತಮ್ಮ ವೇಗದಲ್ಲಿ ಕಂಪಿಸಿದರೆ, ಪಕ್ಕದಲ್ಲಿ ಓಂದ್‌ನ ನೇರ ಸ್ವರ ಇರುವಾಗ, ಎಲ್ಲರೂ ತಪ್ಪು ಹಾಡಿದಂತೆಯೇ ಕೇಳಿಸುತ್ತದೆ.

ತಾಳವಾದ್ಯದವರ ತೊಂದರೆಗಳು ಚಿಕ್ಕವು, ಆದರೆ ಖಚಿತ. ಮರಾಕಾದೊಳಗಿನ ಕಾಳು ಗೋಡೆಗೆ ತಾಗಲು ಒಂದು ಕ್ಷಣ ಬೇಕು, ಆದ್ದರಿಂದ ಕೈ ಮೊದಲೇ ಹೊರಡಬೇಕು. ಟ್ಯಾಮ್‌ಟ್ಯಾಮನ್ನು ಹೊಡೆಯುವ ಮೊದಲು ಕೇಳಿಸದಷ್ಟು ಮೆಲ್ಲಗೆ ತಟ್ಟಿ ಎಬ್ಬಿಸಿಡಬೇಕು, ಇಲ್ಲದಿದ್ದರೆ ದನಿ ಅರಳುವಷ್ಟರಲ್ಲಿ ಜಾಗ ದಾಟಿರುತ್ತದೆ. ವೈಬ್ರಫೋನಿನ ಪೆಡಲ್ ಒಂದಕ್ಷರ ಹೆಚ್ಚು ಹಿಡಿದರೂ ಅಷ್ಟು ಕಷ್ಟಪಟ್ಟ 2–3ರ ಲೆಕ್ಕ ಮಂಜಾಗುತ್ತದೆ.

ಎರಡನೇ ಭಾಗ ಪಲ್ಲವಿ, ಚರಣಗಳ ಕುಣಿತ. ಪಲ್ಲವಿ ಮತ್ತೆ ಮತ್ತೆ ಬಂದು ಪ್ರತಿ ಸಲವೂ ಕಾವೇರುತ್ತದೆ. ವೇಗ ಹಿಡಿದು ಹೋದರೆ ಸಾಕು, ಹೆಚ್ಚು ಹೇಳುವುದಕ್ಕಿಲ್ಲ. ಮೊದಲ ಪಲ್ಲವಿಯಲ್ಲೇ ಪೂರ್ತಿ ಗಂಟಲು ಬಿಟ್ಟರೆ ಕೊನೆಯದಕ್ಕೆ ಏನೂ ಉಳಿದಿರುವುದಿಲ್ಲ, ಅಷ್ಟೇ.

ಹೆಚ್ಚಿನ ಅಭ್ಯಾಸ ಬೇಡುವುದು ಮೂರನೆಯದು. ಅದರ ಹೊರಭಾಗಗಳಲ್ಲಿ ವೃಂದ ಹಾಡುವುದಕ್ಕಿಂತ ಹೆಚ್ಚಾಗಿ ಲಯಬದ್ಧವಾಗಿ ಪಟಪಟನೆ ಉಚ್ಚರಿಸುತ್ತದೆ, ಜತಿಗಳನ್ನು ಬಾಯಲ್ಲಿ ಹೇಳುವ ನಮ್ಮ ಕೊನ್ನಕೋಲಿನ ಹತ್ತಿರದ್ದು. ಇಲ್ಲಿ ಸ್ವರ ತಪ್ಪುವ ಭಯವಿಲ್ಲ, ವ್ಯಂಜನಗಳು ಚೆಲ್ಲಾಪಿಲ್ಲಿಯಾಗುವ ಭಯ. ಫ್ರೆಂಚಿನ ಪ, ತ, ಕಗಳಿಗೆ ಉಸಿರಿನ ಒತ್ತಿಲ್ಲ, ತ, ದಗಳು ಹಲ್ಲಿಗೆ ತಾಗುವಂಥವು. ಕನ್ನಡದ ಬಾಯಿಗೆ ಇದು ತಾನಾಗಿ ಬರುತ್ತದೆ. ಇಂಗ್ಲಿಷ್ ಹಾಡಿ ರೂಢಿಯಾದವರು ಅಲ್ಲಿ ಟಕಾರ ಹಾಕಿ ಉಸಿರು ಊದುತ್ತಾರೆ, 36 ಜನ ಊದಿದರೆ ಹುಶ್ ಎಂಬ ಸದ್ದೇ ಮುಂದಾಗುತ್ತದೆ. ನಮ್ಮವರು ಎಡವುವುದು ಸ್ವರಾಕ್ಷರಗಳಲ್ಲಿ. ತುಟಿಯನ್ನು ಉಕಾರಕ್ಕೆ ಗುಂಡಗೆ ಮಾಡಿ ನಾಲಿಗೆಯನ್ನು ಇಕಾರಕ್ಕೆ ಇಡುವ ಆ ಒಂದು ಧ್ವನಿ, ಮತ್ತೆ ಮೂಗಿನಲ್ಲಿ ಮುಗಿಯುವ ಅನುನಾಸಿಕಗಳು. ಅನುನಾಸಿಕದ ಕೊನೆಗೆ ನಮಗರಿವಿಲ್ಲದೆ ಒಂದು ನಕಾರ ಅಂಟಿಕೊಳ್ಳುತ್ತದೆ, ಅದನ್ನು ಬಿಡಿಸುವುದಕ್ಕೆ ತಾಳ್ಮೆ ಬೇಕು. ಮಾತಿನಲ್ಲಿ ನುಂಗಿಹೋಗುವ ಕೊನೆಯ ಎಕಾರಕ್ಕೆ ಹಾಡಿನಲ್ಲಿ ಸ್ವರ ಕೊಟ್ಟಿದ್ದರೆ ಉಚ್ಚರಿಸಲೇಬೇಕು, ಆದರೆ ಎ ಎಂದು ಬಾಯಿ ತೆರೆಯಬಾರದು. ಮೊದಲು ಸ್ವರವೂ ಬೇಡ, ಲಯವೂ ಬೇಡ, ನಿಧಾನಕ್ಕೆ ಪದ್ಯದಂತೆ ಓದಿಸಿ. ಆಮೇಲೆ ಒಂದೇ ಸ್ವರದಲ್ಲಿ ಲಯದೊಂದಿಗೆ. ಮರಾಕಾ ಬರುವುದು ಕೊನೆಗೆ. ಮರಾಕಾ ಮೊದಲೇ ಬಂದರೆ ತಪ್ಪುಗಳೆಲ್ಲ ಅದರ ಸದ್ದಿನಲ್ಲಿ ಮುಚ್ಚಿಹೋಗಿ, ಕಛೇರಿಯ ದಿನ ಹೊರಗೆ ಬರುತ್ತವೆ.

ಕೇಳಲು ಹೊರಟವರಿಗೆ ಧ್ವನಿಮುದ್ರಣಗಳು ಸಾಕಷ್ಟಿವೆ. ಮಾರ್ಸೆಲ್ ಕುರೊ ನಿರ್ದೇಶನದ್ದರಲ್ಲಿ ಇವೋನ್ ಲೊರಿಯೊ ಪಿಯಾನೊ, ಆಕೆಯ ತಂಗಿ ಜಾನ್ ಲೊರಿಯೊ ಓಂದ್. ಲೆಕ್ಕ ಹಿಡಿಯಲು ಇದೇ ಒಳ್ಳೆಯದು, 3 ಎಂದರೆ 3. ಲೆನರ್ಡ್ ಬರ್ನ್‌ಸ್ಟೈನ್ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್ ಜೊತೆ ಮಾಡಿದ್ದರಲ್ಲಿ ಕುಣಿತದ ಕಸುವು ಹೆಚ್ಚು, ಎರಡನೇ ಭಾಗಕ್ಕೆ ಅದು ಲಾಭ. ಹೆಡ್‌ಫೋನಿನಲ್ಲಿ ಕೇಳುವುದಾದರೆ ಮೊದಲ ಭಾಗದ ನಡುವಿಗೆ ಬಂದಾಗ ವೃಂದವನ್ನು ಬಿಟ್ಟು ಪಿಯಾನೊವನ್ನು ಮಾತ್ರ ಹಿಂಬಾಲಿಸಿ. ಎರಡನೇ ಸಲಕ್ಕೆ ವೈಬ್ರಫೋನ್, ಮೂರನೇ ಸಲಕ್ಕೆ ತಂತಿವಾದ್ಯ. ಒಮ್ಮೆಗೇ ಎಲ್ಲವನ್ನೂ ಹಿಡಿಯಲು ಹೊರಟರೆ 1945ರ ಪ್ಯಾರಿಸ್ ವಿಮರ್ಶಕರಿಗೆ ಸಿಕ್ಕಷ್ಟೇ ಸಿಗುತ್ತದೆ. ನೇರ ಪ್ರದರ್ಶನ ಸಿಗುವುದು ಅಪರೂಪ, ಅದಕ್ಕೆ ಮೊದಲ ಕಾರಣ ಓಂದ್. ಮಾರ್ತನೊ ಮನೆತನದ ತಯಾರಿಕೆ 1988ಕ್ಕೇ ನಿಂತಿತು. ಈಚೆಗೆ ಬೇರೆಯವರು ಹೊಸದಾಗಿ ಮಾಡುತ್ತಿದ್ದಾರೆ, ಆದರೆ ನುಡಿಸುವವರು ಜಗತ್ತಿನಲ್ಲೇ ಕೆಲವರು. ಸಂಘಟಕರು ಸಭಾಂಗಣ ಗೊತ್ತುಮಾಡುವ ಮೊದಲು ಅವರ ದಿನಾಂಕ ಕೇಳಬೇಕು.